ಸೆಲ್ಫ್ ಹೊಡೆಯುತ್ತದೆ, ಗಾಡಿ ಸ್ಟಾರ್ಟ್ ಆಗುವುದಿಲ್ಲ

ಪ್ರಶ್ನೆ: ನಮ್ಮದು 1998ರ ಮಾರುತಿ 800, ಕಾರ್ಬುರೇಟರ್ ಗಾಡಿ, ಅಪ್ಪ ತೆಗೆದುಕೊಂಡಿದ್ದು. ಊರು ಹೊಸನಗರ ತಾಲ್ಲೂಕಿನಲ್ಲಿ, ರಸ್ತೆಯಿಂದ ತುಂಬಾ ಒಳಗೆ. ಮಳೆಗಾಲದಲ್ಲಿ ವಾರಗಟ್ಟಲೆ ಬಿಸಿಲು ಕಾಣುವುದಿಲ್ಲ. ಹೋದ ವರ್ಷ ಆಷಾಢದಲ್ಲಿ ಎರಡು ಮೂರು ಸಲ ಬೆಳಗ್ಗೆ ಸ್ಟಾರ್ಟ್ ಆಗದೆ ಕೈಕೊಟ್ಟಿತ್ತು. ಈ ವರ್ಷ ಹೆಚ್ಚುಕಡಿಮೆ ದಿನಾ ಅದೇ ಪಾಡು. ಸೆಲ್ಫ್ ಚೆನ್ನಾಗಿಯೇ ತಿರುಗುತ್ತದೆ, ಎಂಜಿನ್ ಹಿಡಿಯುವುದಿಲ್ಲ. ಕೀ ಬಿಡುವ ಗಳಿಗೆಯಲ್ಲಿ ಒಮ್ಮೊಮ್ಮೆ ಕೆಮ್ಮಿ ಸುಮ್ಮನಾಗುತ್ತದೆ. ಹನ್ನೊಂದು ಗಂಟೆ ಮೇಲೆ ನೋಡಿದರೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಗಿ ದಿನವಿಡೀ ಓಡುತ್ತದೆ. ಬ್ಯಾಟರಿ ಹೊಸದು ಹಾಕಿಸಿದೆವು, ಕಾರ್ಬುರೇಟರ್ ಎರಡು ಸಲ ಬಿಚ್ಚಿ ತೊಳೆಸಿದೆವು. ಈಗ ಮೆಕ್ಯಾನಿಕ್ "ಕಂಪ್ರೆಶನ್ ಹೋಗಿದೆ, ಬೋರ್ ಮಾಡಿಸಿ, ಇಲ್ಲವಾದರೆ ಗುಜರಿಯಿಂದ ಒಂದು ಎಂಜಿನ್ ತಂದು ಕೂರಿಸೋಣ" ಎನ್ನುತ್ತಾರೆ. ಬಂಕಿನಲ್ಲಿ ಕೇಳಿದರೆ ಎಲ್ಲ ಎಥೆನಾಲ್ ಪೆಟ್ರೋಲಿನ ಕಿತಾಪತಿ ಎನ್ನುತ್ತಾರೆ. ಅಪ್ಪ ಮಾತ್ರ ರಾತ್ರಿ ಬಾನೆಟ್ ಒಳಗೆ ಒಂದು ಬಲ್ಬ್ ಉರಿಸಿಡುತ್ತಾರೆ. ಹಾಗೆ ಇಟ್ಟ ದಿನ ಸ್ಟಾರ್ಟ್ ಆಗುತ್ತದೆ, ರಾತ್ರಿ ಕರೆಂಟ್ ಹೋದರೆ ಮರುದಿನ ಆಗುವುದಿಲ್ಲ. ನಾನು ಶಾಲೆ ಮೇಷ್ಟ್ರು, ಗಾಡಿಯ ಒಳಗಿನದು ಗೊತ್ತಿಲ್ಲ. ಎಂಜಿನ್ ಬಿಚ್ಚಿಸಲೋ, ಗುಜರಿಗೆ ಹಾಕಲೋ?

ಉತ್ತರ: ಮೇಷ್ಟ್ರೇ, ಸದ್ಯಕ್ಕೆ ಎಂಜಿನ್ ಬಿಚ್ಚಿಸಬೇಡಿ. ಗುಜರಿ ಮಾತು ಆಮೇಲೆ ಆಡೋಣ. ನಿಮ್ಮ ಪತ್ರ ಎರಡು ಸಲ ಓದಿದೆ. ರೋಗ ಯಾವುದೆಂದು ಹೆಚ್ಚುಕಡಿಮೆ ಅದರಲ್ಲೇ ಬರೆದಿದ್ದೀರಿ. ಅದನ್ನು ಮೊದಲು ಹಿಡಿದವರು ನಿಮ್ಮ ತಂದೆ. ಅವರು ಅದಕ್ಕೆ ಹೆಸರಿಟ್ಟಿಲ್ಲ, ಅಷ್ಟೆ.

ಗಾಡಿ ಸ್ಟಾರ್ಟ್ ಆಗುತ್ತಿಲ್ಲ ಎಂದು ಬಂದವರನ್ನು ನಾನು ಕೇಳುವ ಮೊದಲ ಪ್ರಶ್ನೆ, ಯಾವಾಗ ಆಗುವುದಿಲ್ಲ? ಊರಿಂದ ಬಂದು ಸಂತೆಯಲ್ಲಿ ಅರ್ಧ ಗಂಟೆ ನಿಲ್ಲಿಸಿ ಮತ್ತೆ ಕೀ ತಿರುಗಿಸಿದಾಗ ಆಗದಿದ್ದರೆ ಅದು ಬಿಸಿಯ ಸಮಸ್ಯೆ. ಕಿಡಿಗೆ ಬೇಕಾದ ವೋಲ್ಟೇಜ್ ಏರಿಸುವ ಕಾಯಿಲ್ ಕಾದು ಸೋಲುತ್ತಿರಬಹುದು, ಪೆಟ್ರೋಲ್ ಪೈಪಿನಲ್ಲಿ ಆವಿ ಕಟ್ಟಿರಬಹುದು. ಹದಿನೈದು ದಿನ ನಿಂತ ಗಾಡಿ ಏಳದಿದ್ದರೆ, ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬುರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಬಟ್ಟಲು ಒಣಗಿರಬಹುದು. ಮಳೆಯ ಮುಂಜಾನೆ ಮಾತ್ರ ಹಟ ಹಿಡಿದು, ಹೊತ್ತೇರಿದ ಮೇಲೆ ತಾನಾಗಿ ಸರಿಹೋದರೆ, ಬಲ್ಬಿನ ಕಾವು ಕೊಟ್ಟ ದಿನ ಕೇಳಿದ ಕೂಡಲೇ ಎದ್ದರೆ, ಅದು ತೇವದ ಕೆಲಸ. ಮೆಕ್ಯಾನಿಕ್ ಗಾಡಿ ನೋಡುವುದು ಹನ್ನೊಂದು ಗಂಟೆಯ ಮೇಲೆ. ಅಷ್ಟು ಹೊತ್ತಿಗೆ ಸಾಕ್ಷಿ ಆರಿಹೋಗಿರುತ್ತದೆ. ಅವರನ್ನು ಪೂರ್ತಿ ಬೈಯುವಂತಿಲ್ಲ.

ಕಂಪ್ರೆಶನ್, ಅಂದರೆ ಸಿಲಿಂಡರಿನೊಳಗೆ ಪಿಸ್ಟನ್ ಗಾಳಿಯನ್ನು ಅದುಮಿ ಹುಟ್ಟಿಸುವ ಒತ್ತಡ, ಅದರ ವಿಷಯಕ್ಕೆ ಬರುತ್ತೇನೆ, ಹೆಚ್ಚು ದುಡ್ಡು ಕೈಬಿಡುವುದು ಅಲ್ಲೇ. ಬೋರ್, ಅಂದರೆ ಸಿಲಿಂಡರಿನ ಒಳಗೋಡೆ, ಸವೆದ ಎಂಜಿನ್ ತಣ್ಣಗಿದ್ದಾಗ ಸ್ಟಾರ್ಟ್ ಆಗಲು ಸತಾಯಿಸುವುದು ನಿಜ. ಆದರೆ ಅಂಥ ಎಂಜಿನ್ ಬೆಳಗ್ಗೆ ಮಾತ್ರ ಸತಾಯಿಸಿ ಉಳಿದ ಹೊತ್ತು ಸುಮ್ಮನಿರುವುದಿಲ್ಲ. ಆಯಿಲ್ ಕುಡಿಯುತ್ತದೆ, ಹಿಂದೆ ನೀಲಿ ಹೊಗೆ ಬಿಡುತ್ತದೆ, ಹುಲಿಕಲ್ ಘಾಟಿ ಹತ್ತುವಾಗ ಎರಡನೇ ಗೇರಿನಲ್ಲೂ ಉಸಿರು ಕಟ್ಟುತ್ತದೆ. ನಿಮ್ಮದು ದಿನವಿಡೀ ಚೆನ್ನಾಗಿ ಓಡುತ್ತದೆ ಎಂದಿದ್ದೀರಿ. ಆದರೂ ಸಂಶಯ ಉಳಿಯಬಾರದು ಎಂದರೆ ಬಾಯಿಮಾತು ಬಿಟ್ಟು ಒತ್ತಡ ಅಳೆಯುವ ಗೇಜ್ ಹಾಕಿಸಿ. ಕಿಡಿ ಹಾರಿಸುವ ಮೂರೂ ಪ್ಲಗ್ ತೆಗೆದು, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆದರೆ ಒಂದೊಂದು ಸಿಲಿಂಡರ್ ಎಷ್ಟು ಒತ್ತಡ ಕೊಡುತ್ತದೆ ಎಂದು ಮುಳ್ಳು ತೋರಿಸುತ್ತದೆ. ಇಂಥ ಪೆಟ್ರೋಲ್ ಎಂಜಿನ್ ಆರೋಗ್ಯವಾಗಿದ್ದರೆ ಚದರ ಸೆಂಟಿಮೀಟರಿಗೆ 12 ಕಿಲೋ ಆಸುಪಾಸು ಬರಬೇಕು, ಮೂರೂ ಹತ್ತಿರ ಹತ್ತಿರ ಇರಬೇಕು. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ: ಮುಳ್ಳು ಮೇಲೇರಿದರೆ ಪಿಸ್ಟನ್ ರಿಂಗ್ ಅಥವಾ ಬೋರ್ ಸವೆದಿದೆ, ಏರದಿದ್ದರೆ ವಾಲ್ವಿನ ಕಡೆ ನೋಡಬೇಕು. ಅರ್ಧ ಗಂಟೆಯ ಕೆಲಸ. ಈ ಅಂಕಿ ತೋರಿಸದೆ ಎಂಜಿನ್ ಬಿಚ್ಚುತ್ತೇನೆ ಎನ್ನುವವರ ಕೈಗೆ ಗಾಡಿ ಕೊಡಬೇಡಿ.

ಇನ್ನು ಎಥೆನಾಲ್. ಬಂಕಿನವರ ಮಾತಿನಲ್ಲಿ ಅರ್ಧ ಸತ್ಯ ಇದೆ. ಶೇ. 20 ಎಥೆನಾಲ್ ಬೆರೆತ ಇ20 ಪೆಟ್ರೋಲಿಗೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಸಿಕ್ಕಿತು. ಈಗ ಬಹುತೇಕ ಬಂಕುಗಳಲ್ಲಿ ಸಿಗುವುದು ಅದೇ. ನಿಮ್ಮ ಗಾಡಿ ಮಾಡಿದ್ದು ಈ ಪೆಟ್ರೋಲಿಗಾಗಿ ಅಲ್ಲ. ಎಥೆನಾಲ್ ಗಾಳಿಯ ತೇವ ಹೀರುತ್ತದೆ. ಅರ್ಧ ಖಾಲಿ ಟ್ಯಾಂಕಿ ತಿಂಗಳುಗಟ್ಟಲೆ ನಿಂತು ನೀರು ಮಿತಿ ಮೀರಿದರೆ ನೀರು ಮತ್ತು ಎಥೆನಾಲ್ ಒಟ್ಟಾಗಿ ತಳಕ್ಕೆ ಇಳಿಯುತ್ತವೆ, ಪಂಪ್ ಎಳೆಯುವುದು ತಳದಿಂದಲೇ. ಆದರೆ ಹಾಗಾಗಿದ್ದರೆ ನಿಮ್ಮ ಗಾಡಿ ಮಧ್ಯಾಹ್ನವೂ ಜರ್ಕ್ ಹೊಡೆಯುತ್ತಿತ್ತು, ನೀರು ಗಡಿಯಾರ ನೋಡಿಕೊಂಡು ಬರುವುದಿಲ್ಲ. ಎಥೆನಾಲ್ ತಣ್ಣಗಿದ್ದಾಗ ಸುಲಭವಾಗಿ ಆವಿಯಾಗುವುದಿಲ್ಲ, ಹಾಗಾಗಿ ಮೊದಲಿಗಿಂತ ಚೋಕ್ ತುಸು ಹೆಚ್ಚು ಎಳೆಯಬೇಕಾದೀತು, ಅಷ್ಟೆ. ನನಗೆ ನಿಜವಾದ ಚಿಂತೆ ಇರುವುದು ಹಳೇ ರಬ್ಬರ್ ಪೈಪುಗಳ ಬಗ್ಗೆ. ಅವನ್ನು ಎಥೆನಾಲ್ ಮೆದು ಮಾಡುತ್ತದೆ, ಬಿರುಕು ಬಿಡಿಸುತ್ತದೆ. ಅದನ್ನು ಯಾಕೆ ಹೇಳುತ್ತಿದ್ದೇನೆ ಎಂಬುದು ಮುಂದೆ ಗೊತ್ತಾಗುತ್ತದೆ.

ಈಗ ತೇವ ಕೂರುವ ಜಾಗ ನೋಡೋಣ. ಬಾನೆಟ್ ಎತ್ತಿದರೆ ಎಂಜಿನ್ನಿನ ಒಂದು ತುದಿಯಲ್ಲಿ ಕಪ್ಪು ಪ್ಲಾಸ್ಟಿಕ್ ಟೊಪ್ಪಿ ಕಾಣುತ್ತದೆ, ಅದರಿಂದ ದಪ್ಪ ವೈರ್‌ಗಳು ಹೊರಟಿರುತ್ತವೆ. ಅದು ಡಿಸ್ಟ್ರಿಬ್ಯೂಟರ್, ಹಳೇ ಮೆಕ್ಯಾನಿಕ್‌ಗಳ ಬಾಯಲ್ಲಿ ಡೆಲ್ಕೋ. ಕಾಯಿಲ್ ಬ್ಯಾಟರಿಯ 12 ವೋಲ್ಟನ್ನು ಹತ್ತಾರು ಸಾವಿರ ವೋಲ್ಟಿಗೆ ಏರಿಸಿ ಟೊಪ್ಪಿಯ ನಡುವಿನ ತೂತಿಗೆ ಕಳಿಸುತ್ತದೆ. ಒಳಗೆ ತಿರುಗುವ ರೋಟರ್ ಅದನ್ನು ಮೂರು ಪ್ಲಗ್ಗಿಗೆ ಸರದಿಯಂತೆ ಹಂಚುತ್ತದೆ. ಇಷ್ಟು ವೋಲ್ಟೇಜು ಬೇಕಾಗುವುದು ಪ್ಲಗ್ಗಿನ ತುದಿಯ ಸಣ್ಣ ಗ್ಯಾಪನ್ನು, ಒತ್ತಡದಲ್ಲಿರುವ ಗಾಳಿಯ ನಡುವೆ, ಜಿಗಿಯಲು. ಆದರೆ ಕರೆಂಟಿಗೆ ಜಿಗಿಯಲೇಬೇಕೆಂಬ ಹಟವಿಲ್ಲ, ಬೇರೆ ಸುಲಭದ ದಾರಿ ಸಿಕ್ಕರೆ ಅದನ್ನೇ ಹಿಡಿಯುತ್ತದೆ. ರಾತ್ರಿ ಎಂಜಿನ್ ತಣ್ಣಗಾದಾಗ ಟೊಪ್ಪಿಯ ಒಳಗೆ ಹೊರಗೆ ಬೆವರು ಕೂರುತ್ತದೆ. ವರ್ಷಗಳ ಧೂಳು, ಆಯಿಲ್ ಜಿಡ್ಡಿನ ಮೇಲೆ ಆ ಬೆವರು ಬಿದ್ದರೆ ಕರೆಂಟಿಗೆ ಒಂದು ಕಾಲುದಾರಿ ಆದಂತೆ. ಪ್ಲಗ್ಗಿಗೆ ಹೋಗಬೇಕಾದ್ದು ಎಂಜಿನ್ ಬಾಡಿಗೆ ಹರಿದು ಅರ್ಥ್ ಆಗಿಬಿಡುತ್ತದೆ.

ಹೋದ ವರ್ಷ ಎರಡು ಮೂರು ಸಲ, ಈ ವರ್ಷ ದಿನಾ ಎಂದಿರಲ್ಲ, ಅದಕ್ಕೂ ಕಾರಣ ಇದೇ. ಹಾಗೆ ಹರಿದಾಗಲೆಲ್ಲ ಕರೆಂಟ್ ಪ್ಲಾಸ್ಟಿಕ್ಕಿನ ಮೇಲೆ ಒಂದು ಗೆರೆ ಸುಡುತ್ತದೆ. ಪೆನ್ಸಿಲ್‌ನಲ್ಲಿ ಎಳೆದ ಹಾಗೆ, ಕವಲೊಡೆದ ಸಣ್ಣ ಕಪ್ಪು ಗೆರೆ. ಅದು ಇಂಗಾಲ, ಒಣಗಿದ್ದರೂ ಅಷ್ಟಿಷ್ಟು ಕರೆಂಟ್ ಹಾಯಿಸುತ್ತದೆ. ಒಮ್ಮೆ ಬಿದ್ದರೆ ಮುಂದಿನ ಸಲ ಅಷ್ಟು ತೇವವೂ ಬೇಕಾಗುವುದಿಲ್ಲ. ಒರೆಸಿದರೆ ಹೋಗುವ ಗೆರೆಯಲ್ಲ ಅದು.

ಕೀ ಬಿಡುವಾಗ ಕೆಮ್ಮುತ್ತದೆ ಎಂಬ ಮಾತನ್ನು ನೀವು ನಡುವೆ ಸೇರಿಸಿ ಮುಂದೆ ಹೋಗಿದ್ದೀರಿ, ನಾನು ಅಲ್ಲೇ ನಿಂತೆ. ಸೆಲ್ಫ್ ತಿರುಗುವಷ್ಟು ಹೊತ್ತು ಬ್ಯಾಟರಿಯ ವೋಲ್ಟೇಜ್ ಕುಸಿದಿರುತ್ತದೆ, ಕಾಯಿಲ್‌ಗೆ ಸಿಗುವುದೂ ಕಡಿಮೆ. ಕೀ ಬಿಟ್ಟಾಗ ಸೆಲ್ಫ್ ನಿಂತು ವೋಲ್ಟೇಜ್ ಮೇಲೇರುತ್ತದೆ, ಎಂಜಿನ್ ಇನ್ನೂ ಅರ್ಧ ಸುತ್ತು ತಿರುಗುತ್ತಿರುತ್ತದೆ, ಆ ಸಂಧಿಯಲ್ಲಿ ಒಂದು ಗಟ್ಟಿ ಕಿಡಿ ಬಿದ್ದು ಎಂಜಿನ್ ಕೆಮ್ಮುತ್ತದೆ. ಅಂದರೆ ಪೆಟ್ರೋಲ್ ಬರುತ್ತಿದೆ, ಕಿಡಿ ಮಾತ್ರ ಬಡವಾಗಿದೆ. ಎರಡು ಸಲ ತೊಳೆದ ಕಾರ್ಬುರೇಟರ್ ನಿರಪರಾಧಿ ಎಂದು ಇಷ್ಟರಿಂದಲೇ ಹೇಳಬಹುದು. ಬ್ಯಾಟರಿ ಹೊಸದಾದರೂ ಟರ್ಮಿನಲ್ ಸಡಿಲವಿದ್ದರೆ, ಎಂಜಿನ್ನಿನಿಂದ ಬಾಡಿಗೆ ಬರುವ ಅರ್ಥ್ ಪಟ್ಟಿ ತುಕ್ಕು ಹಿಡಿದಿದ್ದರೆ ಹೀಗೇ ಆಗುತ್ತದೆ. ಮಲ್ಟಿಮೀಟರ್ ಇದ್ದವರು ಸೆಲ್ಫ್ ಹೊಡೆಯುವಾಗ ಬ್ಯಾಟರಿ ನೋಡಲಿ, 9.6 ವೋಲ್ಟಿಗಿಂತ ಕೆಳಗೆ ಇಳಿಯಬಾರದು. ಇದೇ ಲಕ್ಷಣಕ್ಕೆ ಇನ್ನೊಂದು ಕಾರಣ ಇಗ್ನಿಷನ್ ಸ್ವಿಚ್. ಕೀ ಆನ್‌ನಲ್ಲಿದ್ದಾಗ ಕಾಯಿಲ್‌ಗೆ ಕರೆಂಟ್ ಕೊಟ್ಟು, ಸ್ಟಾರ್ಟ್‌ಗೆ ತಿರುಗಿಸಿದ ಕೂಡಲೇ ಕತ್ತರಿಸುವ ಸವೆದ ಸ್ವಿಚ್ಚುಗಳನ್ನು ನಾನು ಸಾಕಷ್ಟು ಬದಲಿಸಿದ್ದೇನೆ. ಕಾಯಿಲ್‌ನ ಪ್ಲಸ್ ತುದಿಗೆ ಟೆಸ್ಟ್ ಲ್ಯಾಂಪ್ ಹಿಡಿದು ಸೆಲ್ಫ್ ಹೊಡೆಯಿರಿ. ದೀಪ ಮಂಕಾಗಬಹುದು, ಆರಬಾರದು. ಆದರೆ ಸ್ವಿಚ್ಚಿಗೆ ಮಳೆ ಬಿಸಿಲಿನ ಹಂಗಿಲ್ಲ, ಆದ್ದರಿಂದ ನನ್ನ ಅನುಮಾನ ಆ ಕಡೆ ಕಡಿಮೆ.

ಇದನ್ನು ಇಷ್ಟು ಧೈರ್ಯವಾಗಿ ಹೇಳಲು ನನ್ನದೇ ಒಂದು ಎಡವಟ್ಟು ಕಾರಣ. ಗ್ಯಾರೇಜ್ ಶುರು ಮಾಡಿದ ಹೊಸತರಲ್ಲಿ ತೋಟದ ಯಜಮಾನರೊಬ್ಬರ ಹಳೇ ಕಾರು ಬಂತು, ಇದೇ ದೂರು. ಕಾರ್ಬುರೇಟರ್ ಮೂರು ಸಲ ಬಿಚ್ಚಿದೆ, ಮೂರು ಸಲವೂ ಮಧ್ಯಾಹ್ನ ಸ್ಟಾರ್ಟ್ ಆಯಿತು, ಮೂರು ಸಲವೂ ದುಡ್ಡು ತೆಗೆದುಕೊಂಡೆ. ನಾಲ್ಕನೇ ಸಲ ಅವರು ಗಾಡಿ ಬಿಟ್ಟು ಹೋದದ್ದು ಸಂಜೆ, ಜಡಿಮಳೆ. ಬಾನೆಟ್ ಎತ್ತಿ ನಿಂತಿದ್ದಾಗ ಕರೆಂಟ್ ಹೋಯಿತು. ಕತ್ತಲಲ್ಲೇ ಹುಡುಗನಿಗೆ ಸೆಲ್ಫ್ ಹೊಡಿ ಎಂದೆ. ಡೆಲ್ಕೋ ಟೊಪ್ಪಿಯ ಸುತ್ತ ನೀಲಿ ಎಳೆಗಳು ಜಿರ್ರೆಂದು ಹರಿದಾಡಿದವು, ಒಂದು ವೈರ್‌ನ ಮೈಮೇಲೆ ಮಿಣುಕುಹುಳ ಸಾಲುಗಟ್ಟಿದ ಹಾಗೆ. ಬೆಳಕಿದ್ದರೆ ಅದು ಕಾಣುತ್ತಲೇ ಇರಲಿಲ್ಲ. ಟೊಪ್ಪಿ, ವೈರ್ ಬದಲಿಸಿ ಆ ಮೂರು ಬಾರಿಯ ದುಡ್ಡು ವಾಪಸ್ ಕೊಟ್ಟೆ.

ನೀವೂ ಅದನ್ನೇ ಮಾಡಿ. ಬಲ್ಬ್ ಇಡದ ಒಂದು ರಾತ್ರಿ, ಬೆಳಕು ಹರಿಯುವ ಮುಂಚೆ, ಮಗನನ್ನೋ ಪಕ್ಕದ ಮನೆಯವರನ್ನೋ ಕೀ ಹತ್ತಿರ ಕೂರಿಸಿ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಮೊದಲು ಟಾರ್ಚ್ ಹಾಕಿಕೊಂಡು ಬಾನೆಟ್ ಒಳಗೆ ಪೆಟ್ರೋಲ್ ವಾಸನೆ ಇದೆಯೇ, ಪೈಪ್ ಒದ್ದೆ ಇದೆಯೇ ನೋಡಿ. ಇದ್ದರೆ ಅಲ್ಲಿಗೇ ನಿಲ್ಲಿಸಿ. ಇಲ್ಲದಿದ್ದರೆ ಟಾರ್ಚ್ ಆರಿಸಿ ಸೆಲ್ಫ್ ಹೊಡೆಸಿ. ನಿಮ್ಮ ಕೈ, ಶಾಲು, ಲುಂಗಿ ತುದಿ ಎಲ್ಲ ದೂರ ಇರಲಿ. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಅಲ್ಲಿ ನಿಲ್ಲುವುದೇ ಬೇಡ. ಹತ್ತು ಸೆಕೆಂಡಿಗಿಂತ ಹೆಚ್ಚು ಹೊಡೆಯಬೇಡಿ, ಮಧ್ಯೆ ಒಂದು ನಿಮಿಷ ಬಿಡಿ, ಇಲ್ಲವಾದರೆ ಸೆಲ್ಫ್ ಮೋಟಾರೂ ಸುಟ್ಟು ಇನ್ನೊಂದು ಖರ್ಚು. ನೀಲಿ ಬೆಳಕು ಎಲ್ಲಿ ಹರಿದಾಡಿತೋ ಅಲ್ಲೇ ಸೋರಿಕೆ.

ಏನೂ ಕಾಣದಿದ್ದರೆ ಕೀ ಆಫ್ ಮಾಡಿ ಟೊಪ್ಪಿ ತೆಗೆದು ಒಳಗೆ ನೋಡಿ. ಬೆವರು, ನಾನು ಹೇಳಿದ ಕಪ್ಪು ಗೆರೆ, ಪಾಚಿ ಹಿಡಿದ ಲೋಹದ ತುದಿಗಳು, ನಡುವೆ ಸ್ಪ್ರಿಂಗ್ ಮೇಲೆ ಕೂತ ಇಂಗಾಲದ ಮೊಳೆ ಮುರಿದಿದೆಯೇ ಎಲ್ಲ ಗಮನಿಸಿ. ಟೊಪ್ಪಿ ತೆಗೆದಿರುವಾಗಲೇ, ಕಾಯಿಲ್ ವೈರ್ ಕಳಚಿ ಎಂಜಿನ್ ಬಾಡಿಗೆ ತಾಗಿಸಿಟ್ಟು, ಒಮ್ಮೆ ಸೆಲ್ಫ್ ಹೊಡೆಸಿ, ರೋಟರ್ ತಿರುಗಬೇಕು. ಈ ಗಾಡಿಯಲ್ಲಿ ರೋಟರನ್ನು ತಿರುಗಿಸುವುದು ಕ್ಯಾಮ್‌ಶಾಫ್ಟ್, ಕ್ಯಾಮ್‌ಶಾಫ್ಟನ್ನು ತಿರುಗಿಸುವುದು ಟೈಮಿಂಗ್ ಬೆಲ್ಟ್. ರೋಟರ್ ಅಲುಗದಿದ್ದರೆ ಬೆಲ್ಟ್ ತುಂಡಾಗಿದೆ ಎಂದರ್ಥ, ಆಗ ಸೆಲ್ಫ್ ಸದ್ದೂ ಎಂದಿನ ಏರಿಳಿತ ಬಿಟ್ಟು ಒಂದೇ ಸಮ ಸಲೀಸಾಗಿ ಕೇಳುತ್ತದೆ. ನಿಮ್ಮ ಗಾಡಿ ಮಧ್ಯಾಹ್ನ ಓಡುತ್ತದಲ್ಲ, ಹಾಗಾಗಿ ಇದು ನಿಮಗಲ್ಲ, ಇದನ್ನು ಓದುವ ಬೇರೆಯವರಿಗೆ.

ಈಗ ದಾರಿಗಳು. ಒಣಬಟ್ಟೆಯಲ್ಲಿ ಟೊಪ್ಪಿಯ ಒಳಹೊರಗು, ವೈರ್, ಕಾಯಿಲ್ ತಲೆ ಒರೆಸಿ, ಕೂದಲು ಒಣಗಿಸುವ ಡ್ರೈಯರ್ ಹಿಡಿದರೆ ಅವತ್ತಿನ ಮಟ್ಟಿಗೆ ಗಾಡಿ ಏಳುತ್ತದೆ. ತೇವ ಓಡಿಸುವ ಸ್ಪ್ರೇ ಕೂಡ ಆಗುತ್ತದೆ, ಅದು ಹೊತ್ತಿಕೊಳ್ಳುವ ವಸ್ತು, ಆವಿಯಾಗುವವರೆಗೆ ಕಾದು ಕೀ ತಿರುಗಿಸಿ. ಇದು ರೋಗಕ್ಕೆ ಮದ್ದಲ್ಲ. ನಾನು ಮಾಡಿಸಿ ಎನ್ನುವುದು ಟೊಪ್ಪಿ, ರೋಟರ್, ಪ್ಲಗ್ ವೈರ್, ಮೂರು ಪ್ಲಗ್ ಇವನ್ನು ಒಂದೇ ಸಲ ಬದಲಿಸುವುದು. ಒಂದೊಂದಾಗಿ ಹಾಕಿದರೆ ಬಡವಾದದ್ದು ಹೊಸದನ್ನೂ ಕೆಡಿಸುತ್ತದೆ, ಬೋರ್ ಕೆಲಸದ ಪಕ್ಕದಲ್ಲಿ ಈ ಖರ್ಚು ಲೆಕ್ಕಕ್ಕೇ ಬರುವುದಿಲ್ಲ. 800 ಮಾದರಿ 2014ರ ಜನವರಿಯಲ್ಲಿ ನಿಂತರೂ ಸಾಮಾನು ಇನ್ನೂ ಸಿಗುತ್ತದೆ. ಅಪಾಯ ಇರುವುದು ನಕಲಿ ಮಾಲಿನಲ್ಲಿ: ಹಗುರ ಪ್ಲಾಸ್ಟಿಕ್ಕಿನ ಟೊಪ್ಪಿ ಒಂದೇ ಮಳೆಗಾಲದಲ್ಲಿ ಗೆರೆ ಬೀಳುತ್ತದೆ. ಹಳೇ ವೈರ್ ಕಳಚುವ ಮುಂಚೆ ಒಂದೊಂದಕ್ಕೂ ಟೇಪ್ ಸುತ್ತಿ ನಂಬರ್ ಬರೆಯಿರಿ, ಈ ಎಂಜಿನ್ನಿನ ಕಿಡಿ ಸರದಿ 1-3-2, ಅದಲು ಬದಲಾದರೆ ಹೊಸ ಸಾಮಾನು ಹಾಕಿಯೂ ಗಾಡಿ ಏಳುವುದಿಲ್ಲ, ಕಾರ್ಬುರೇಟರ್ ಬಾಯಿಂದ ಬೆಂಕಿ ಉಗುಳುತ್ತದೆ. ವೈರ್ ತುದಿಯ ರಬ್ಬರ್ ಒಳಗೆ ಸಿಲಿಕಾನ್ ಗ್ರೀಸ್ ತೆಳ್ಳಗೆ ಸವರಿಸಿ. ಸಾಮಾನ್ಯ ಗ್ರೀಸ್ ರಬ್ಬರನ್ನು ತಿನ್ನುತ್ತದೆ, ಅದು ಬೇಡ. ಜೊತೆಗೆ ಪೆಟ್ರೋಲ್ ಪೈಪುಗಳನ್ನೂ ಎಥೆನಾಲ್ ತಡೆಯುವಂಥದ್ದಕ್ಕೆ ಬದಲಿಸಿ. ಒಂದು ಕಡೆ ಕಿಡಿ ಹಾರಿಸುವ ವೈರ್, ಅದರ ಒಂದು ಗೇಣು ದೂರದಲ್ಲಿ ಬಿರುಕು ಬಿಟ್ಟ ಪೆಟ್ರೋಲ್ ಪೈಪ್, ಇದು ಗಾಡಿ ಸ್ಟಾರ್ಟ್ ಆಗದಿರುವುದಕ್ಕಿಂತ ದೊಡ್ಡ ವಿಷಯ.

ಇದಾದ ಮೇಲೂ ಬೆಳಗ್ಗೆ ತೊಂದರೆ ಉಳಿದರೆ ಕಾಯಿಲ್ ಪರೀಕ್ಷೆ ಮಾಡಿಸಿ. ಅದರ ತಲೆಯಲ್ಲೂ ಕೂದಲೆಳೆಯ ಬಿರುಕು ಬಿಡುತ್ತದೆ. ಇಲಿ, ಹೆಗ್ಗಣ ವೈರ್ ಕಡಿದಿದೆಯೇ ಎಂದು ನೋಡುವುದನ್ನು ನಿಮ್ಮ ಊರಿನವರಿಗೆ ನಾನು ಹೇಳಬೇಕಿಲ್ಲ.

2000ದ ಆಸುಪಾಸಿನಿಂದ ಬಂದ ಎಂಪಿಎಫ್ಐ ಗಾಡಿಯವರಿಗೆ, ಅಂದರೆ ಕಾರ್ಬುರೇಟರ್ ಬದಲು ಇಂಜೆಕ್ಟರ್ ಪೆಟ್ರೋಲ್ ಚಿಮ್ಮಿಸುವ ಗಾಡಿಯವರಿಗೆ, ಎರಡು ಮಾತು. ಕೀ ಆನ್ ಮಾಡಿದಾಗ ಹಿಂದಿನ ಸೀಟಿನ ಕಡೆಯಿಂದ ಎರಡು ಸೆಕೆಂಡು ಪಂಪ್ ಗುಂಯ್ ಎನ್ನಬೇಕು. ಎನ್ನದಿದ್ದರೆ ಮೊದಲು ಫ್ಯೂಸ್, ರಿಲೇ, ಆಮೇಲೆ ಪಂಪ್. ಚೆಕ್ ಎಂಜಿನ್ ದೀಪ ಕೀ ಆನ್‌ನಲ್ಲಿ ಹೊತ್ತಿಕೊಳ್ಳದೇ ಇದ್ದರೆ ಎಂಜಿನ್ ನಡೆಸುವ ಕಂಪ್ಯೂಟರಿಗೇ ಕರೆಂಟ್ ಇಲ್ಲ. ಕೀ ಚಿತ್ರದ ದೀಪ ಮಿಣುಕುತ್ತಿದ್ದರೆ ಕಳ್ಳತನ ತಡೆಯುವ ಇಮ್ಮೊಬಿಲೈಜರ್ ನಿಮ್ಮ ಕೀಯನ್ನು ಗುರುತಿಸಿಲ್ಲ, ಇನ್ನೊಂದು ಕೀ ಹಾಕಿ ನೋಡಿ. ಉಳಿದದ್ದು ಸ್ಕ್ಯಾನರ್ ಕೆಲಸ.

ಊರಲ್ಲಿ ನಡೆಯುವ ಎರಡು ಚಾಳಿಯನ್ನು ಮಾತ್ರ ಕೈಮುಗಿದು ಬೇಡ ಎನ್ನುತ್ತೇನೆ. ಏರ್ ಫಿಲ್ಟರ್ ತೆಗೆದು ಕಾರ್ಬುರೇಟರ್ ಬಾಯಿಗೆ ಪೆಟ್ರೋಲ್ ಹುಯ್ಯುವುದು ಒಂದು. ನಿಮ್ಮ ಗಾಡಿಯಲ್ಲಿ ಕೊರತೆ ಪೆಟ್ರೋಲಿನದ್ದಲ್ಲ, ಮೇಲಾಗಿ ಅಡ್ಡಾದಿಡ್ಡಿ ಕಿಡಿ ಇರುವಾಗ ಅದು ತಿರುಗಿ ಮುಖಕ್ಕೆ ಹೊಡೆಯುತ್ತದೆ. ಇನ್ನೊಂದು, ಇಳಿಜಾರಿನಲ್ಲಿ ತಳ್ಳಿ ಸ್ಟಾರ್ಟ್ ಮಾಡುವುದು. ಸೆಲ್ಫೇ ಚೆನ್ನಾಗಿ ತಿರುಗಿಸುತ್ತಿರುವಾಗ ತಳ್ಳಿ ಸಿಗುವ ಲಾಭ ಅಲ್ಪ, ಎಂಜಿನ್ ನಿಂತ ಗಾಡಿಯ ಬ್ರೇಕ್ ಕಲ್ಲಿನಂತಾಗಬಹುದು. ಹಲವು ಸಲ ಸೆಲ್ಫ್ ಹೊಡೆದು ಪೆಟ್ರೋಲ್ ವಾಸನೆ ಗಪ್ಪೆಂದು ಬರುತ್ತಿದ್ದರೆ ಎಂಜಿನ್ ಓವರ್ ಆಗಿದೆ, ಅಂದರೆ ಒಳಗೆ ಪೆಟ್ರೋಲ್ ಅತಿಯಾಗಿದೆ. ಹದಿನೈದು ನಿಮಿಷ ಬಿಟ್ಟು, ಚೋಕ್ ಒಳಗೆ ತಳ್ಳಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಹೊಡೆಯಿರಿ.

ಗುಜರಿ ಎಂಜಿನ್ ಬಗ್ಗೆ. ಅದರ ಕಂಪ್ರೆಶನ್ ಎಷ್ಟಿದೆ ಎಂದು ಯಾರೂ ಬರೆದುಕೊಡುವುದಿಲ್ಲ. ಎಂಜಿನ್ ನಂಬರ್ ಬದಲಾದರೆ ಆರ್‌ಟಿಒದಲ್ಲಿ ಆರ್.ಸಿ.ಗೆ ಸೇರಿಸಬೇಕು. ಸೇರಿಸದಿದ್ದರೆ ಮುಂದಿನ ನೋಂದಣಿ ನವೀಕರಣದಲ್ಲೋ ಅಪಘಾತದ ವಿಮೆಯಲ್ಲೋ ಸಿಕ್ಕಿಹಾಕಿಕೊಳ್ಳುತ್ತೀರಿ. ಅಷ್ಟಾಗಿಯೂ ನಿಮ್ಮ ಹಳೇ ಟೊಪ್ಪಿ, ವೈರನ್ನೇ ಹೊಸ ಎಂಜಿನ್ನಿಗೆ ಹಾಕಿದರೆ ಮರುದಿನ ಬೆಳಗ್ಗೆ ಅದೇ ಕಥೆ. ಗಾಡಿಯನ್ನೇ ಗುಜರಿಗೆ ಹಾಕುವುದನ್ನು ನಾನು ತಪ್ಪೆನ್ನುವುದಿಲ್ಲ, ಆದರೆ ಅದರ ಲೆಕ್ಕ ಬೇರೆ. ಬಾಡಿಯ ತಳಕ್ಕೆ ತುಕ್ಕು ಎಷ್ಟು ಇಳಿದಿದೆ ಎಂದು ಗಾಡಿ ಎತ್ತಿಸಿ ನೋಡಿ, ಚಾಸಿ ಭಾಗಕ್ಕೆ ಸ್ಕ್ರೂಡ್ರೈವರ್ ಚುಚ್ಚಿದರೆ ಒಳಗೆ ಹೋಗುವಂತಿದ್ದರೆ ದುಡ್ಡು ಹಾಕಬೇಡಿ. 1998ರ ಗಾಡಿಗೆ ಸರಿಯಾಗಿ ನವೀಕರಣ ಆಗಿದ್ದರೆ ಮುಂದಿನದು 2028ಕ್ಕೆ ಬರುತ್ತದೆ, 20 ವರ್ಷ ದಾಟಿದ ಕಾರಿಗೆ ಆ ಶುಲ್ಕ 2025ರಲ್ಲಿ 10,000 ರೂಪಾಯಿಗೆ ಏರಿದೆ. ಅದನ್ನೂ ಕೂಡಿಸಿ ತಂದೆಯವರ ಜೊತೆ ಕೂತು ತೀರ್ಮಾನ ಮಾಡಿ.

ಕೊನೆಗೆ ಆ ಬಲ್ಬ್. ತಂದೆಯವರಿಗೆ ನನ್ನ ನಮಸ್ಕಾರ ತಿಳಿಸಿ, ಆದರೆ ಸಾಮಾನು ಬರುವವರೆಗೂ ಅದನ್ನು ಇಡುವುದು ಬೇಡ ಎಂದು ಹೇಳಿ. ಇಪ್ಪತ್ತೈದು ವರ್ಷ ದಾಟಿದ ಪೈಪುಗಳ ಕೆಳಗೆ, ಮುಚ್ಚಿದ ಬಾನೆಟ್ಟಿನೊಳಗೆ, ಮನೆಯ ಕರೆಂಟಿನ ಹೋಲ್ಡರ್ ಮತ್ತು ಕಾದ ಗಾಜು ರಾತ್ರಿಯಿಡೀ ಇರುತ್ತವೆ. ಒಂದು ಹನಿ ಪೆಟ್ರೋಲ್ ಸೋರಿದರೆ ಕೊಟ್ಟಿಗೆಯೂ ಉಳಿಯುವುದಿಲ್ಲ. ಅದರ ಬದಲು ರಾತ್ರಿ ಎಂಜಿನ್ ಪೂರ್ತಿ ಆರಿದ ಮೇಲೆ ಟೊಪ್ಪಿಯನ್ನು ವೈರ್ ಸಮೇತ ಕಳಚಿ ಒಳಗೆ ತಂದು ಒಲೆಯ ಮೇಲಿನ ಅಟ್ಟದಲ್ಲಿ ಇಡಿ, ಹೊಗೆ ತಾಗದ ಕಡೆ. ಬೆಳಗ್ಗೆ ಒಣಗಿದ್ದನ್ನು ಒಯ್ದು ಕೂರಿಸಿ ಕೀ ತಿರುಗಿಸಿ.